ಗುಜರಿ ಕಾರಿನಲ್ಲಿ ಕಲಿತದ್ದು, ರಸ್ತೆಯಲ್ಲಿ ಕಂಡದ್ದು

ಪ್ರೀತಿಯ ಅಣ್ಣನಿಗೆ,

ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ, ಬರಿ. ನಮ್ಮ ಶಿರಾಡಿ ಘಾಟಿಯ ಮಾರನಹಳ್ಳಿ ಹತ್ತಿರ ಕಾರು ಚರಂಡಿಗೆ ಬಿದ್ದಾಗ ನೀವೆಲ್ಲ ಡ್ರೈವರನ್ನು ಎಳೆದು ತೆಗೆದಿರಿ ಅಂದೆಯಲ್ಲ, ಆ ಮಾತು ತಲೆಯಲ್ಲೇ ಕೂತಿದೆ. ಫೋನಿನಲ್ಲಿ ಎಲ್ಲ ಹೇಳಲು ಆಗಲಿಲ್ಲ.

ಜರ್ಮನಿಯ ಸಣ್ಣ ಊರುಗಳಲ್ಲಿ ಅಗ್ನಿಶಾಮಕ ದಳದವರು ಹೆಚ್ಚಾಗಿ ನನ್ನಂಥವರೇ. ಸಂಬಳವಿಲ್ಲ, ಕರೆ ಬಂದರೆ ಕೆಲಸ ಬಿಟ್ಟು ಓಡುತ್ತೇವೆ. ಕಾರಿನಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವುದನ್ನು ಗುಜರಿ ಕಾರಿನ ಮೇಲೆ ಕಲಿಸುತ್ತಾರೆ. ಸಮತಟ್ಟು ನೆಲ, ಹಗಲು ಬೆಳಕು, ಒಳಗೊಂದು ಗೊಂಬೆ. ಹೈಡ್ರಾಲಿಕ್ ಕಟ್ಟರ್ ಇಟ್ಟರೆ ಹಳೇ ಕಾರಿನ ಚಾವಣಿ ಹೊತ್ತ ಕಂಬ ಕಬ್ಬಿನ ಜಲ್ಲೆ ಹಾಗೆ ತುಂಡಾಗುತ್ತದೆ.

ರಸ್ತೆಯಲ್ಲಿ ಹಾಗಲ್ಲ. ಕಾರು ಮಗುಚಿ ಮರಕ್ಕೆ ಒತ್ತಿಕೊಂಡಿರುತ್ತದೆ. ಹೊಸ ಕಾರುಗಳ ಕಂಬದಲ್ಲಿ ಬೋರಾನ್ ಉಕ್ಕು ಅಂತ ತುಂಬಾ ಗಟ್ಟಿ ಉಕ್ಕು, ಹಳೇ ಕಟ್ಟರಿಗೆ ಬಗ್ಗುವುದೇ ಇಲ್ಲ. ಚಾವಣಿಯ ಅಂಚಿನಲ್ಲಿ ಏರ್‌ಬ್ಯಾಗಿನ ಗ್ಯಾಸ್ ಸಿಲಿಂಡರ್ ಅಡಗಿರುತ್ತದೆ. ಅದನ್ನು ಕತ್ತರಿಸಿದರೆ ಸಿಡಿಯುತ್ತದೆ. ಅದಕ್ಕೇ ಮೊದಲು ಒಳಗಿನ ಪ್ಲಾಸ್ಟಿಕ್ ಕಿತ್ತು ನೋಡಲೇಬೇಕು. ಎಲ್ಲೆಲ್ಲಿ ಏನಿದೆ ಅಂತ ತೋರಿಸುವ ಕಾರ್ಡನ್ನು ಇಲ್ಲಿ ಎಷ್ಟೋ ಜನ ಡ್ರೈವರ್ ತಲೆ ಮೇಲಿನ ಬಿಸಿಲುಮರೆಯ ಹಿಂದೆ ಸಿಕ್ಕಿಸಿಟ್ಟಿರುತ್ತಾರೆ. ಎಂಥ ಒಳ್ಳೆ ಪದ್ಧತಿ, ಅಲ್ವಾ?

ಗೊಂಬೆ ಅಳುವುದಿಲ್ಲ. ಕಳೆದ ಚಳಿಗಾಲದಲ್ಲಿ ಒಬ್ಬ ಹೆಂಗಸಿನ ಕಾಲುಗಳು ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿದ್ದವು. ನಾನು ಹಿಂದಿನ ಸೀಟಿನಲ್ಲಿ ಕೂತು ಅವರ ತಲೆ ಅಲ್ಲಾಡದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದೆ. ಈಗ ಗಾಜು ಒಡೆಯುತ್ತಾರೆ, ಈಗ ಬಾಗಿಲು ಕಿರುಗುಟ್ಟುತ್ತದೆ ಅಂತ ಪ್ರತಿ ಸದ್ದನ್ನೂ ಮೊದಲೇ ಹೇಳುತ್ತಿದ್ದೆ. ಅವರು 'ಮಗು ಶಾಲೆಯಿಂದ ಬರೋ ಹೊತ್ತಾಯ್ತು' ಅಂತ ಒಂದೇ ಸಮನೆ ಹೇಳುತ್ತಿದ್ದರು. ತರಬೇತಿಯಲ್ಲೂ ಸೀಟಿನಲ್ಲಿ ಜೀವಂತ ಮನುಷ್ಯನನ್ನು ಕೂರಿಸಬೇಕು, ಕಾರನ್ನು ಇಳಿಜಾರಿನಲ್ಲಿ ವಾಲಿಸಿ ಇಡಬೇಕು ಅಂತ ನಾನು ಕೇಳುತ್ತಲೇ ಇದ್ದೇನೆ.

ಶಿರಾಡಿ ಘಾಟಿಯಲ್ಲಿ ಕಟ್ಟರ್ ಬರುವ ಮುಂಚೆ ತಲುಪುವವರು ನೀವೇ. ಮೊದಲು 112ಕ್ಕೆ ಫೋನ್ ಮಾಡಿ. ಹಿಂದೆ ಬರುವ ಲಾರಿಗಳನ್ನು ನಿಲ್ಲಿಸಲು ಒಬ್ಬ ತಿರುವಿನಲ್ಲಿ ನಿಲ್ಲಲಿ. ಇಂಜಿನ್ ಆಫ್ ಮಾಡಿ, ಕಾರು ಜಾರದ ಹಾಗೆ ಚಕ್ರಕ್ಕೆ ಮರದ ತುಂಡು ಕೊಡಿ. ಜೀಪಿಗೆ ಹಗ್ಗ ಕಟ್ಟಿ ಎಳೆಯಲೇಬೇಡಿ, ಒಳಗಿರುವವರ ಕಾಲು ಇನ್ನೂ ನಜ್ಜಾಗಬಹುದು. ಇನ್ನೂ ಬಿಚ್ಚಿಕೊಳ್ಳದ ಏರ್‌ಬ್ಯಾಗಿನ ಮುಂದೆ ತಲೆ ಒಡ್ಡಬೇಡಿ, ಬ್ಯಾಟರಿ ತೆಗೆದ ಮೇಲೂ ಸ್ವಲ್ಪ ಹೊತ್ತು ಅದು ಬಿಚ್ಚಿಕೊಳ್ಳಬಹುದು. ರಕ್ತ ಸುರಿಯುತ್ತಿದ್ದರೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ. ತಾವಾಗೇ ಇಳಿಯಲು ಆಗುವವರು ನಿಧಾನ ಇಳಿಯಲಿ. ಆಗದಿದ್ದರೆ ತಲೆ ಹಿಡಿದು ಮಾತಾಡಿಸುತ್ತಾ ಇರಿ. ಬೆಂಕಿ ಬಂದರೆ, ನೀರು ನುಗ್ಗಿದರೆ ಮಾತು ಬೇರೆ, ಹೇಗಾದರೂ ತೆಗೆಯಿರಿ.

ಕೇಸು ಅಂತ ಹುಡುಗರು ಹೆದರಿದ್ದರು ಅಂದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 134ಎ ಅಂತ ಕಲಂ ಇದೆ. ಒಳ್ಳೆ ಮನಸ್ಸಿನಿಂದ ನೆರವಾದವರನ್ನು ಅದು ಕಾಯುತ್ತದೆ. ಅವರಿಗೆ ಇದನ್ನು ಓದಿ ಹೇಳು.

ಮಳೆ ಹಿಡಿಯುವ ಮುಂಚೆ ಸಿಲ್ವರ್ ಓಕಿನ ನಾಲ್ಕು ಗಟ್ಟಿ ತುಂಡು ಕೊಯ್ಯಿಸಿ, ಒಂದು ಟಾರ್ಚಿನ ಜೊತೆ ಜೀಪಿನಲ್ಲಿ ಇಡಿಸು. ಅತ್ತಿಗೆಗೆ, ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ