ಸೂಜಿ ಹೊರಬಂದ ಮೇಲಿನ ಹೊತ್ತು

ಚಿ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

"ಕ್ಯಾನುಲಾ ಹಾಕುವಾಗ ಧೈರ್ಯವಾಗಿಯೇ ಇರುತ್ತೇನೆ, ಸೂಜಿಯನ್ನು ಹೊರಗೆಳೆದ ಮೇಲೆ ಕೈ ನಡುಗುತ್ತದೆ" ಎಂದು ನೀನು ಬರೆದ ಸಾಲಿನ ಮೇಲೆಯೇ ನನ್ನ ಮನಸ್ಸು ನಿಂತುಬಿಟ್ಟಿದೆ. ಕೈ ಪಳಗಿಲ್ಲವೆಂದು ನಿನ್ನನ್ನೇ ಹಳಿದುಕೊಳ್ಳಬೇಡ. ಕ್ಯಾನುಲಾದ ಪ್ಲಾಸ್ಟಿಕ್ ನಳಿಕೆಯನ್ನು ನರದಲ್ಲೇ, ಅಂದರೆ ರಕ್ತನಾಳದಲ್ಲೇ, ಬಿಟ್ಟು ರಕ್ತ ತುಂಬಿದ ಟೊಳ್ಳು ಸೂಜಿ ಹೊರಬಂದು ಡಬ್ಬಿ ಸೇರುವವರೆಗಿನ ಹೊತ್ತಿಗೆ ಅನುಭವಸ್ಥರೂ ಅಂಜಬೇಕು.

ನಾನು ನರ್ಸ್ ಕೆಲಸಕ್ಕೆ ಸೇರಿದ ಕಾಲದಲ್ಲಿ ಆ ಮೊನೆಯನ್ನು ಮುಚ್ಚುವ ವ್ಯವಸ್ಥೆಯೇ ನಮ್ಮ ವಾರ್ಡಿನಲ್ಲಿರಲಿಲ್ಲ. ಒಂದು ಕೈಯಲ್ಲಿ ನರವನ್ನು ಒತ್ತಿ ಹಿಡಿದು, ಇನ್ನೊಂದು ಕೈಯ ಸೂಜಿಯನ್ನು ಕಿಡ್ನಿ ಟ್ರೇಯಲ್ಲೋ ಹಾಸಿಗೆಯ ಅಂಚಿನಲ್ಲೋ ಇಡುತ್ತಿದ್ದೆವು. ಹಾಗೆ ಇಟ್ಟ ಸೂಜಿ ಚುಚ್ಚಿದ ನನ್ನ ಜೊತೆಯವಳೊಬ್ಬಳು ಸ್ಪಿರಿಟ್ ಹಚ್ಚಿಕೊಂಡು ಮುಂದಿನ ರೋಗಿಯ ಬಳಿಗೆ ಹೋದಳು. ಬರೆದಿಡಲು ರಿಜಿಸ್ಟರಾಗಲಿ, ವಿಚಾರಿಸುವವರಾಗಲಿ ಇರಲಿಲ್ಲ. ಕೆಲವು ತಿಂಗಳ ಮೇಲೆ ಅವಳಿಗೆ ಕಾಮಾಲೆ ಬಂದಾಗಲೂ ಆ ಸೂಜಿಯ ಮಾತನ್ನು ಯಾರೂ ಎತ್ತಲಿಲ್ಲವೆಂಬ ಕೊರಗು ಇಂದಿಗೂ ಇದೆ. ಅಮೆರಿಕದಲ್ಲಿ ಸುರಕ್ಷಿತ ಸೂಜಿಗಳಿಗಾಗಿ 2000ದಲ್ಲೇ ಕಾನೂನು ಬಂದಿತ್ತೆಂಬುದನ್ನು ನಾನು ಬಹಳ ತಡವಾಗಿ ಓದಿದೆ.

ನಿಮ್ಮಲ್ಲಿ ಸೇಫ್ಟಿ ಕ್ಯಾನುಲಾ ಇರುವುದು ಸಮಾಧಾನದ ಸಂಗತಿಯೇ. ಆದರೆ ಎಲ್ಲವೂ ಒಂದೇ ಬಗೆಯವಲ್ಲ. ಕೆಲವದರಲ್ಲಿ ಮೊನೆ ಪೂರ್ತಿ ಹೊರಬರುವಾಗ ಸಣ್ಣ ಲೋಹದ ಕ್ಲಿಪ್ ತಾನಾಗಿಯೇ ಅದರ ಮೇಲೆ ಕೂರುತ್ತದೆ. ಇನ್ನು ಕೆಲವದರಲ್ಲಿ ಗುಂಡಿ ಒತ್ತಿದರಷ್ಟೇ ಸ್ಪ್ರಿಂಗ್ ಸೂಜಿಯನ್ನು ಹಿಡಿಯೊಳಕ್ಕೆ ಎಳೆದುಕೊಳ್ಳುತ್ತದೆ, ರೋಗಿ ಕೈ ಕೊಸರುವ ಗಡಿಬಿಡಿಯಲ್ಲಿ ಆ ಗುಂಡಿಯೇ ಮರೆತುಹೋಗಬಹುದು. ಮೊನೆ ಮುಚ್ಚಿದೆಯೇ ಎಂದು ಕಣ್ಣಿನಿಂದ ನೋಡು, ಬೆರಳಿನಿಂದ ಮುಟ್ಟಿ ನೋಡಬೇಡ. ಇದನ್ನೆಲ್ಲ ಕಾಲೇಜಿನಲ್ಲೇ ಕಲಿತಿರುತ್ತೀಯೆ, ಮುದುಕಿಯ ಮಾತೆಂದು ಸಹಿಸಿಕೊ. ನರ ಸಿಗದೆ ಹೊರತೆಗೆದ ಸೂಜಿಯನ್ನು ಅದೇ ಪ್ಲಾಸ್ಟಿಕ್ ನಳಿಕೆಯೊಳಗೆ ಮತ್ತೆ ತೂರಿಸಬೇಡ; ನಳಿಕೆಯ ತುದಿ ತುಂಡಾಗಿ ರಕ್ತನಾಳದಲ್ಲೇ ಉಳಿಯಬಹುದು. ಶಾರ್ಪ್ಸ್, ಅಂದರೆ ಬಳಸಿದ ಸೂಜಿಯಂಥ ಚೂಪು ವಸ್ತುಗಳನ್ನು, ಹಾಕುವ ಬಿಳಿ ಡಬ್ಬಿ ಹಾಸಿಗೆಯ ಪಕ್ಕಕ್ಕೇ ಬಂದರೆ ನಿನ್ನ ಆ ನಡುಕದ ಹೊತ್ತೂ ಅಷ್ಟು ಕಿರಿದಾಗುತ್ತದೆ.

ಆದರೂ ಚುಚ್ಚಿಬಿಟ್ಟರೆ ಎಂದು ನೀನು ಕೇಳುವೆ; ನಾನೂ ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ಬೆರಳನ್ನು ಹಿಂಡದೆ ಸೋಪು ನೀರಿನಲ್ಲಿ ತೊಳೆದು, ಬೈಗುಳಕ್ಕೆ ಹೆದರದೆ ಕೂಡಲೇ ಇನ್‌ಚಾರ್ಜ್ ಸಿಸ್ಟರಿಗೆ ತಿಳಿಸಿ ಬರೆಸು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದಲ್ಲಿ 2 ಗಂಟೆಯೊಳಗೆ ಆರಂಭಿಸುವುದು ಉತ್ತಮ, 72 ಗಂಟೆ ಮೀರಬಾರದು. ಎಚ್‌ಐವಿ ಇರುವವರಿಗೆ ಬಳಸಿದ ಸೂಜಿ ಚುಚ್ಚಿದರೂ ಸೋಂಕು ತಗಲುವ ಸಂಭವ ಸಾವಿರಕ್ಕೆ ಸುಮಾರು 3. ಕಾಮಾಲೆ ತರುವ ಹೆಪಟೈಟಿಸ್ ಬಿ ಮಾತ್ರ ಲಸಿಕೆಯಿಲ್ಲದವರಿಗೆ ನೂರಕ್ಕೆ 6ರಿಂದ 30ರವರೆಗೂ ತಗಲಬಹುದು. ನನ್ನ ಗೆಳತಿಗೆ ಲಸಿಕೆ ಆಗಿರಲಿಲ್ಲ.

ಆ ಲಸಿಕೆಯ ನಿನ್ನ ಮೂರನೆಯ ಡೋಸ್ ಆಯಿತೇ ಎಂಬುದನ್ನು ನೀನು ಬರೆದೇ ಇಲ್ಲ. ಆಗಿದ್ದರೆ ಒಂದೆರಡು ತಿಂಗಳಲ್ಲಿ ರಕ್ತದಲ್ಲಿ ರಕ್ಷಣೆ ಎಷ್ಟು ಬೆಳೆದಿದೆಯೆಂದು ಅಳೆಯುವ ಟೈಟರ್ ಪರೀಕ್ಷೆ ಮಾಡಿಸಿ, ಅದು 10 ಯೂನಿಟ್‌ಗಿಂತ (mIU/mL) ಕಡಿಮೆಯಿದ್ದರೆ ವೈದ್ಯರನ್ನು ಕಂಡು, ನನಗೂ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ