ಪುನರುಜ್ಜೀವನ ಕಾಲದ ಚಿತ್ರಗಳಲ್ಲಿ ದೇವರೂ ಇದ್ದಾನೆ, ಲೆಕ್ಕವೂ ಇದೆ

ಮಾನ್ಯ ಸಂಪಾದಕರೇ,

ಯುರೋಪಿನ ಪುನರುಜ್ಜೀವನ ಕಾಲದ ಕಲೆಯ ಕುರಿತು ನಿಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆ ಕಾಲದ ಕಲಾವಿದರು ದೇವರನ್ನು ಬಿಟ್ಟು ಮನುಷ್ಯನನ್ನು ಹಿಡಿದರು ಎಂಬ ಅದರ ಮಾತು ಶಾಲೆಯ ಪಠ್ಯಗಳಿಂದಲೇ ನಮಗೆಲ್ಲ ಪರಿಚಿತ. ಆದರೆ ಆ ಚಿತ್ರಗಳನ್ನು ಬರೆಸಿದವರು ಯಾರು, ಅವರು ಯಾವುದಕ್ಕೆ ಎಷ್ಟು ಹಣ ಕೊಟ್ಟರು ಎಂದು ವಿಚಾರಿಸಿದರೆ ಆ ಮಾತು ಅರ್ಧಸತ್ಯವೆಂದೇ ನನಗೆ ತೋರುತ್ತದೆ.

ಇಟಲಿಯ ಫ್ಲಾರೆನ್ಸ್ ನಗರದ ರೇಷ್ಮೆ ವರ್ತಕರ ಸಂಘವು ತಬ್ಬಲಿ ಶಿಶುಗಳಿಗಾಗಿ ಒಂದು ಆಶ್ರಯಧಾಮವನ್ನು ಕಟ್ಟಿಸಿತು. ಅದರ ಕಟ್ಟಡವನ್ನು ವಾಸ್ತುಶಿಲ್ಪಿ ಬ್ರುನೆಲೆಸ್ಕಿ 1419ರಲ್ಲಿ ಆರಂಭಿಸಿದ. ಅಲ್ಲಿನ ಚರ್ಚಿನ ಪೂಜಾವೇದಿಕೆಗೆ, ಮೂಡಣ ದೇಶದ ಜೋಯಿಸರು ಶಿಶು ಯೇಸುವಿಗೆ ನಮಿಸುವ ಚಿತ್ರವನ್ನು ಬರೆದುಕೊಡಲು ಚಿತ್ರಕಾರ ಗಿರ್ಲಾಂಡಾಯೊ 1485ರ ಅಕ್ಟೋಬರಿನಲ್ಲಿ ಕರಾರು ಮಾಡಿಕೊಂಡ. ಆ ಕರಾರುಪತ್ರ ಇಂದಿಗೂ ಲಭ್ಯವಿದೆ. ಒಟ್ಟು ಸಂಭಾವನೆ 115 ಫ್ಲಾರಿನ್ (ಅಲ್ಲಿನ ಚಿನ್ನದ ನಾಣ್ಯ), ಅದರಲ್ಲಿ ತಿಂಗಳಿಗೆ 3 ಫ್ಲಾರಿನ್‌ನಂತೆ ಪಾವತಿ, ಮೂವತ್ತು ತಿಂಗಳೊಳಗೆ ಕೆಲಸ ಮುಗಿಯಬೇಕು, ಚಿತ್ರಕ್ಕೆ ಆ ಬೆಲೆ ಬಾಳದು ಎನಿಸಿದರೆ ಆಶ್ರಯಧಾಮದ ಮುಖ್ಯಸ್ಥ ಹಣ ಕಡಿಮೆ ಮಾಡಬಹುದು. ನೀಲಿ ಬಣ್ಣ ಮಾತ್ರ ಔನ್ಸಿಗೆ ಸುಮಾರು 4 ಫ್ಲಾರಿನ್ ಬೆಲೆಯದ್ದೇ ಆಗಿರಬೇಕು. ಅಫ್ಘಾನಿಸ್ತಾನದ ಬದಖ್‌ಶಾನಿನ ಗಣಿಗಳಿಂದ ಬರುತ್ತಿದ್ದ ಕಲ್ಲನ್ನು ಅರೆದು ತಯಾರಿಸುತ್ತಿದ್ದ ಬಣ್ಣವದು. ಯೇಸುವಿನ ತಾಯಿ ಮರಿಯಳ ಮೇಲುಹೊದಿಕೆಗೆ ಅಂಥ ನೀಲಿಯನ್ನು ಬಳಸುವುದು ಭಕ್ತಿಯೂ ಹೌದು, ವ್ಯಾಪಾರಿಯ ಘನತೆಯ ಪ್ರದರ್ಶನವೂ ಹೌದು. ಇವೆರಡನ್ನೂ ಬೇರ್ಪಡಿಸಿ ನೋಡುವುದು ನಮ್ಮ ಕಾಲದ ಅಭ್ಯಾಸವೇ ಹೊರತು ಅವರದ್ದಲ್ಲ.

ಆ ಚಿತ್ರದ ಮುಂಭಾಗದಲ್ಲಿ ಬಿಳಿಯ ಉಡುಪು ತೊಟ್ಟ ಇಬ್ಬರು ಪುಟ್ಟ ಮಕ್ಕಳು ಮೈಮೇಲೆ ಗಾಯಗಳೊಂದಿಗೆ ಮಂಡಿಯೂರಿದ್ದಾರೆ. ಅವರು, ಶಿಶು ಯೇಸುವನ್ನು ಕೊಲ್ಲಲೆಂದು ಹೆರೋದ ರಾಜ ಹೊರಡಿಸಿದ ಆಜ್ಞೆಯಿಂದ ಹತರಾದರೆಂದು ಬೈಬಲ್ ಹೇಳುವ ಶಿಶುಗಳು; ಆ ಹತ್ಯೆಯ ದೃಶ್ಯವೂ ಹಿನ್ನೆಲೆಯಲ್ಲಿದೆ. ತಬ್ಬಲಿ ಮಕ್ಕಳ ಧಾಮದಲ್ಲಿ ಈ ಚಿತ್ರವನ್ನು ಇರಿಸಿದವರ ಮನಸ್ಸನ್ನು ನೆನೆದಾಗಲೆಲ್ಲ ನನ್ನ ಎದೆ ತುಂಬಿ ಬರುತ್ತದೆ. ಅದೇ ಚಿತ್ರದ ಜನರ ಗುಂಪಿನ ನಡುವೆ ಗಿರ್ಲಾಂಡಾಯೊ ತನ್ನ ಮುಖವನ್ನೂ ಬರೆದು ನೋಡುಗನತ್ತ ದೃಷ್ಟಿ ನೆಟ್ಟಿದ್ದಾನೆ. ಚಿತ್ರಕಾರನು ಸ್ವತಃ ತನ್ನ ಕೈಯಿಂದಲೇ ಬಣ್ಣ ಹಾಕಬೇಕೆಂದು ಅದೇ ಕರಾರು ವಿಧಿಸಿತ್ತು. ಚಿನ್ನದ ಹೊಳಪನ್ನು ಚಿನ್ನದ ತಗಡಿನಿಂದಲ್ಲ, ಬಣ್ಣಗಳಿಂದಲೇ ತೋರಿಸುವವನು ಹೆಚ್ಚು ಪ್ರಶಂಸಾರ್ಹ ಎಂದು ಚಿತ್ರಕಲೆಯ ಕುರಿತು ಬರೆದ ವಿದ್ವಾಂಸ ಆಲ್ಬರ್ಟಿ 1435ರಲ್ಲೇ ಪ್ರತಿಪಾದಿಸಿದ್ದ. ಬೆಲೆಯು ಬಣ್ಣದಿಂದ ಕೈಚಳಕದ ಕಡೆಗೆ ಸರಿಯುತ್ತಿದ್ದ ಆ ಹೊತ್ತಿನಲ್ಲಿ ಜನರು ನೀಲಿಗೂ ಕೊಟ್ಟರು, ಕೈಗೂ ಕೊಟ್ಟರು.

ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನಲ್ಲಿ ಚಿತ್ರಕಾರ ಮಸಾಚ್ಚೊ ಸುಮಾರು 1427ರಲ್ಲಿ ಬರೆದ ಭಿತ್ತಿಚಿತ್ರದಲ್ಲಿ ಹಣ ಕೊಟ್ಟು ಅದನ್ನು ಬರೆಸಿದ ದಂಪತಿ ಸಂತರಷ್ಟೇ ದೊಡ್ಡವರಾಗಿದ್ದಾರೆ ಎಂಬುದು ನಿಜ. ಆದರೆ ಅವರ ಕೆಳಗೆ ಒಂದು ಅಸ್ಥಿಪಂಜರ ಮಲಗಿದೆ, ನೀವು ಈಗಿರುವಂತೆ ನಾನಿದ್ದೆ, ನಾನಿರುವಂತೆ ನೀವಾಗುವಿರಿ ಎಂಬ ಬರಹವೂ ಇದೆ. ಹಾಗೆಯೇ, ಫ್ಲಾರೆನ್ಸಿನ ಪ್ರಧಾನ ಚರ್ಚಿಗಾಗಿ ಕೆತ್ತಿದ ಮೈಕೆಲೇಂಜೆಲೊನ ಡೇವಿಡ್ ಶಿಲ್ಪ 1504ರಲ್ಲಿ ನಿಂತದ್ದು ಗಣರಾಜ್ಯದ ಸರ್ಕಾರಿ ಭವನದ ಬಾಗಿಲಲ್ಲಿ.

ಲೇಖನವು ಹೇಳುವ ಆ 'ಮನುಷ್ಯ' ಹೆಚ್ಚಾಗಿ ಗಂಡಸೇ ಆಗಿದ್ದ ಎಂಬುದನ್ನೂ ಮರೆಯಬಾರದು. ಆಶ್ರಯಧಾಮದ ಚಿತ್ರ ಮುಗಿದ 1488ರ ಸುಮಾರಿಗೇ ಗಿರ್ಲಾಂಡಾಯೊ ಜೊವಾನ್ನಾ ತೊರ್ನಬುವೊನಿ ಎಂಬ ಯುವತಿಯ ಭಾವಚಿತ್ರವನ್ನೂ ಬರೆದ. ಮದುವೆಯಾದ ಎರಡೇ ವರ್ಷಕ್ಕೆ, ಅದೇ 1488ರಲ್ಲಿ, ಆಕೆ ತೀರಿಕೊಂಡಿದ್ದಳು. ಜರಿಯ ಉಡುಪು, ಆಭರಣ, ಹವಳದ ಸರ, ಪ್ರಾರ್ಥನಾ ಪುಸ್ತಕ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿರುವ ಆ ಚಿತ್ರದಲ್ಲಿ ಆಕೆ ಪಕ್ಕಕ್ಕೆ ಮುಖ ಮಾಡಿದ್ದಾಳೆ, ನಮ್ಮತ್ತ ನೋಡುವುದಿಲ್ಲ. ಕಲೆಯೇ, ನಡತೆಯನ್ನೂ ಮನಸ್ಸನ್ನೂ ನೀನು ಚಿತ್ರಿಸಬಲ್ಲೆಯಾದರೆ ಜಗತ್ತಿನಲ್ಲಿ ಇದಕ್ಕಿಂತ ಸುಂದರವಾದ ಚಿತ್ರ ಇರುತ್ತಿರಲಿಲ್ಲ ಎಂಬರ್ಥದ ಲ್ಯಾಟಿನ್ ಸಾಲುಗಳು ಆಕೆಯ ಕತ್ತಿನ ಹಿಂದಿವೆ. ಲೇಖಕರು ಈ ವಿಷಯವನ್ನು ಮುಂದುವರಿಸುವುದಾದರೆ ಜೊವಾನ್ನಾಳ ಈ ಚಿತ್ರದ ಕುರಿತೂ ಬರೆಯಬೇಕೆಂದು ವಿನಂತಿಸುತ್ತೇನೆ.

ಇತಿ,
ನಿಮ್ಮ ಓದುಗ