ದಂಡದ ಹತ್ತು ಸಾವಿರ ಬರೀ ಮುಂಗಡ

ಮಾನ್ಯ ಸಂಪಾದಕರೇ,

ಕುಡಿದು ಗಾಡಿ ಓಡಿಸುವವರನ್ನು ಹಿಡಿಯುವ ವಾರಾಂತ್ಯದ ತಪಾಸಣೆಯ ಸುದ್ದಿ ಬಂದಾಗಲೆಲ್ಲ ಎಷ್ಟು ವಾಹನ ತಡೆದರು, ಎಷ್ಟು ಮಂದಿ ಸಿಕ್ಕಿಬಿದ್ದರು ಎಂದು ಹೇಳಿ, ‘10 ಸಾವಿರ ರೂಪಾಯಿ ದಂಡ’ ಎಂಬಲ್ಲಿಗೆ ವರದಿ ಮುಗಿಯುತ್ತದೆ. ಓದುಗರ ತಲೆಯಲ್ಲಿ ಉಳಿಯುವುದೂ ಆ ಹತ್ತು ಸಾವಿರವೇ. ಅಪಘಾತ ಪರಿಹಾರದ ಪ್ರಕರಣ ನಡೆಸುವ ನಮ್ಮಂಥ ವಕೀಲರ ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಚಿಕ್ಕ ಬಾಬತ್ತು. ಉಳಿದವನ್ನು ಇಲ್ಲಿ ಬರೆದಿದ್ದೇವೆ. ಪತ್ರ ಉದ್ದವಾಗಿದೆ, ಮನ್ನಿಸಬೇಕು.

ಮೊದಲು ದಂಡ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ. 2019ರ ಸೆಪ್ಟೆಂಬರ್ 1ಕ್ಕೆ ಮುಂಚೆ ಮೊದಲ ಸಲಕ್ಕೆ ‘2 ಸಾವಿರದವರೆಗೆ’ ದಂಡ ಎಂದಿತ್ತು. ಈಗ ಆ ‘ವರೆಗೆ’ ಹೋಗಿದೆ. ದಂಡ ಎಂದರೆ 10 ಸಾವಿರ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎರಡನೇ ಸಲಕ್ಕೆ 15 ಸಾವಿರ ಮತ್ತು ಎರಡು ವರ್ಷದವರೆಗೆ ಜೈಲಿಗೆ ಅವಕಾಶ. ಹಿಂದಿನ ಅಪರಾಧವಾಗಿ ಮೂರು ವರ್ಷದೊಳಗೆ ಮತ್ತೆ ಸಿಕ್ಕರೆ ಮಾತ್ರ ‘ಎರಡನೇ ಸಲ’ ಎಂದು ಮೊದಲು ಎಣಿಸುತ್ತಿದ್ದರು; ಆ ಗಡುವನ್ನೂ ತೆಗೆದಿದ್ದಾರೆ. ಇಂದು ತಪ್ಪೊಪ್ಪಿ ದಂಡ ಕಟ್ಟಿದವನು ಎಂಟು ವರ್ಷ ಬಿಟ್ಟು ಸಿಕ್ಕರೂ ಎರಡನೇ ಸಲವೇ.

ಎಷ್ಟು ಕುಡಿದರೆ 30 ದಾಟುತ್ತದೆ ಎಂಬುದರ ಬಗ್ಗೆ ಬಾರಿನ ಮೇಜುಗಳಲ್ಲಿ ಓಡಾಡುವ ಲೆಕ್ಕಗಳೆಲ್ಲ ಉದಾರವಾದವು. ನಮ್ಮಲ್ಲಿನ ವಿಸ್ಕಿ, ರಮ್ಮಿನಲ್ಲಿ ಶೇ 42.8ರಷ್ಟು ಮದ್ಯಸಾರ. 60 ಮಿ.ಲೀ.ನ ಒಂದು ದೊಡ್ಡ ಪೆಗ್ಗಿನಲ್ಲಿ ಸುಮಾರು 20 ಗ್ರಾಂ ಆಯಿತು. 70 ಕೆ.ಜಿ. ತೂಕದ ಗಂಡಸಿಗೆ ಇದು ರಕ್ತದಲ್ಲಿ ಹೆಚ್ಚುಕಡಿಮೆ 40ರ ಆಸುಪಾಸು ತೋರಿಸಬಹುದು. ತೂಕ ಕಡಿಮೆ ಇದ್ದರೆ, ಹೆಂಗಸರಾದರೆ, ಖಾಲಿ ಹೊಟ್ಟೆಯಾದರೆ ಇನ್ನೂ ಹೆಚ್ಚು. ಶೇ 8ರ ಸ್ಟ್ರಾಂಗ್ ಬಿಯರ್ 650 ಮಿ.ಲೀ. ಬಾಟಲಿಯಲ್ಲಿ 41 ಗ್ರಾಂ ಇರುತ್ತದೆ, ಅಂದರೆ ಎರಡು ದೊಡ್ಡ ಪೆಗ್ಗಿಗೆ ಸಮ. ‘ಬರೀ ಒಂದು ಬಿಯರ್ ಸಾರ್’ ಎನ್ನುವವರು ಸಿಕ್ಕಿಬೀಳುವುದು ಇದಕ್ಕೇ. ರಕ್ತದಲ್ಲಿ ಈ ಅಂಕಿ ಇಳಿಯುವ ವೇಗ ಗಂಟೆಗೆ ಸುಮಾರು 15. ರಾತ್ರಿ 12ಕ್ಕೆ ಒಂದು ಕ್ವಾರ್ಟರ್ (180 ಮಿ.ಲೀ.) ಮುಗಿಸಿ ಮಲಗಿದವನು ಬೆಳಿಗ್ಗೆ ಆರಕ್ಕೆ ಎದ್ದು ಡ್ಯೂಟಿಗೆ ಗಾಡಿ ತೆಗೆದರೆ ಆಗಲೂ 30ರ ಮೇಲೇ ಇರಬಹುದು. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಆ ವೇಗ ಹೆಚ್ಚಿಸುವುದಿಲ್ಲ.

ರಸ್ತೆಯಲ್ಲಿ ತಡೆದಾಗ ಗೊತ್ತಿರಬೇಕಾದದ್ದು ಇಷ್ಟು. ಈಗಷ್ಟೇ ಮೌತ್‌ವಾಶ್ ಹಾಕಿದ್ದರೆ, ಮದ್ಯಸಾರ ಇರುವ ಔಷಧಿ ಕುಡಿದಿದ್ದರೆ ಬಾಯಲ್ಲಿ ಉಳಿದದ್ದೇ ಪೊಲೀಸರು ಊದಿಸುವ ಯಂತ್ರದಲ್ಲಿ ಕಾಣಿಸುತ್ತದೆ. ನೀರಿನಲ್ಲಿ ಬಾಯಿ ಮುಕ್ಕಳಿಸಿ ಹದಿನೈದು ನಿಮಿಷ ಬಿಟ್ಟು ಮತ್ತೊಮ್ಮೆ ಊದಿಸಿ ಎಂದು ಕೇಳಿ. ಪರದೆಯ ಮೇಲಿನ ಅಂಕಿ ನೋಡಿ, ಮುದ್ರಿತ ಚೀಟಿ ಕೇಳಿ. ಊದುವುದಿಲ್ಲ ಎಂದು ಹಠ ಹಿಡಿದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಸಕಾರಣವಿಲ್ಲದೆ ನಿರಾಕರಿಸಿದ್ದನ್ನು 205ನೇ ಕಲಮಿನಡಿ ನಿಮ್ಮ ವಿರುದ್ಧವೇ ಬಳಸಲೂ ಬರುತ್ತದೆ. ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು ಎಂದು ಕಾಯ್ದೆಯೇ ಹೇಳುತ್ತದೆ.

ದುಡ್ಡನ್ನು ರಸ್ತೆಯಲ್ಲಿ ಕೊಡಬೇಡಿ. ಹೆಲ್ಮೆಟ್ಟಿನ ದಂಡದಂತೆ ಸ್ಥಳದಲ್ಲೇ ಕಟ್ಟಿ ಮುಗಿಸುವ ಅಪರಾಧಗಳ ಪಟ್ಟಿಯಲ್ಲಿ 185 ಇಲ್ಲ, ಕೋರ್ಟಿಗೇ ಹೋಗಬೇಕು. ಅಲ್ಲೇ ಕೈಬದಲಾಗುವ ಹಣಕ್ಕೆ ರಸೀದಿಯೂ ಇಲ್ಲ, ಕೇಸು ಮುಗಿದ ದಾಖಲೆಯೂ ಇಲ್ಲ. ಬಾಕಿ ಇ-ಚಲನ್‌ಗಳಿಗೆ 2023ರ ಫೆಬ್ರುವರಿಯಲ್ಲಿ ಕೊಟ್ಟಂಥ ಅರ್ಧ ರಿಯಾಯಿತಿ ಇದಕ್ಕೂ ಬರುತ್ತದೆಂದು ಕಾದು ಕೂರುವವರಿದ್ದಾರೆ. ಕೋರ್ಟಿನ ದಂಡಕ್ಕೂ ಅದಕ್ಕೂ ಸಂಬಂಧವಿಲ್ಲ. ಗಾಡಿಯನ್ನು ಠಾಣೆಗೆ ಒಯ್ದು ನಿಲ್ಲಿಸಿಕೊಳ್ಳುವುದು ರೂಢಿ. ಕುಡಿಯದ, ಲೈಸೆನ್ಸ್ ಇರುವ ಇನ್ನೊಬ್ಬರು ಜೊತೆಗಿದ್ದರೆ ಅವರಿಗೆ ಒಪ್ಪಿಸಬೇಕು ಎಂದು ತೆಲಂಗಾಣ ಹೈಕೋರ್ಟ್ 2021ರಲ್ಲಿ ಹೇಳಿದೆ. ನಮ್ಮ ರಾಜ್ಯದ ಪೊಲೀಸರನ್ನು ಆ ತೀರ್ಪು ಕಟ್ಟಿಹಾಕುವುದಿಲ್ಲ, ಆದರೂ ವಿನಯವಾಗಿ ಕೇಳಿ ನೋಡಲು ಅದೊಂದು ಆಧಾರ.

ತಪ್ಪೊಪ್ಪಿಕೊಳ್ಳುವುದಾದರೆ ವಕೀಲರು ಬೇಕೇ ಬೇಕೆಂದಿಲ್ಲ. ನಮ್ಮ ಕಸುಬಿಗೆ ನಾವೇ ಕಲ್ಲು ಹಾಕಿಕೊಂಡಂತಾದರೂ ಹೇಳುತ್ತೇವೆ, ಕೋರ್ಟಿನ ಗೇಟಿನಲ್ಲಿ ‘ಕಡಿಮೆ ಮಾಡಿಸಿಕೊಡ್ತೀನಿ’ ಎನ್ನುವವರಿಗೆ ಕೊಟ್ಟ ದುಡ್ಡು ದಂಡದ ಮೇಲಿನ ದಂಡ. ಹೇಳಿದ ದಿನಕ್ಕೆ ಹೋಗಿ, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಒಯ್ಯಿರಿ, ಕಟ್ಟಿದ ರಸೀದಿ ಜೋಪಾನ ಮಾಡಿ. ಹೋಗದಿದ್ದರೆ ಸಮನ್ಸ್, ಆಮೇಲೆ ವಾರಂಟ್. ಆಗ ಜಾಮೀನು, ಶ್ಯೂರಿಟಿ, ಓಡಾಟ ಎಂದು ಖರ್ಚು ಬೆಳೆಯುತ್ತದೆ. ಇನ್ಶೂರೆನ್ಸ್ ಇಲ್ಲದ್ದಕ್ಕೆ 2 ಸಾವಿರ, ಲೈಸೆನ್ಸ್ ಇಲ್ಲದ್ದಕ್ಕೆ 5 ಸಾವಿರ ಹೀಗೆ ಬೇರೆ ಕಲಮುಗಳೂ ಜೊತೆಗೆ ಸೇರಿದ್ದರೆ ಅವುಗಳ ದಂಡ ಬೇರೆ.

ದಂಡ ಕಟ್ಟಿದ ಮೇಲೆ ಮುಗಿಯಿತೆಂದು ಬಹಳ ಮಂದಿ ತಿಳಿಯುತ್ತಾರೆ. ಡಿಎಲ್ ವಿಷಯ ಶುರುವಾಗುವುದೇ ಆಮೇಲೆ. 206ನೇ ಕಲಮಿನ 4ನೇ ಉಪಕಲಮಿನಂತೆ ಪೊಲೀಸರು ಲೈಸೆನ್ಸ್ ತೆಗೆದುಕೊಂಡು ಆರ್‌ಟಿಒಗೆ ಕಳಿಸಬೇಕು. ಅಲ್ಲಿಂದ ನೋಟಿಸ್ ಬರುತ್ತದೆ, ಹೇಳಿಕೆಗೆ ಅವಕಾಶ ಕೊಟ್ಟು ಮೊದಲ ಸಲಕ್ಕೆ ಮೂರು ತಿಂಗಳು ಅನರ್ಹಗೊಳಿಸಬಹುದು, ಎರಡನೇ ಸಲಕ್ಕೆ ಲೈಸೆನ್ಸನ್ನೇ ರದ್ದು ಮಾಡಬಹುದು. ಆದೇಶ ಸರಿಯಿಲ್ಲ ಎನಿಸಿದರೆ ಮೇಲ್ಮನವಿಗೆ 30 ದಿನ ಮಾತ್ರ. ಮೂರು ತಿಂಗಳು ಕಳೆದೊಡನೆ ಕಾರ್ಡು ತಾನಾಗಿ ಕೈಗೆ ಬರುವುದಿಲ್ಲ. ಪುನಶ್ಚೇತನ ತರಬೇತಿ ಮುಗಿಸಿದರಷ್ಟೇ ವಾಪಸು. ಲೈಸೆನ್ಸ್ ಸೇವೆಗಳ ಸಾರಥಿ ಜಾಲತಾಣದಲ್ಲಿ ಅಮಾನತು ತೆರವಾಗಿದೆಯೇ ಎಂದು ನೋಡಿಕೊಂಡೇ ಗಾಡಿ ತೆಗೆಯಿರಿ.

ಲೈಸೆನ್ಸ್ ತೆಗೆದುಕೊಂಡಾಗ ಕೊಡುವ ತಾತ್ಕಾಲಿಕ ಚೀಟಿ ಹಿಡಿದು ಗಾಡಿ ಓಡಿಸುವ ಹಾಗಿಲ್ಲ. ಬೇರೆ ಪ್ರಕರಣಗಳ ಚೀಟಿಗೆ ಆ ಸೌಲಭ್ಯವಿದೆ, ಇದಕ್ಕಿಲ್ಲ ಎಂದು ಕಾಯ್ದೆ ಸ್ಪಷ್ಟವಾಗಿ ಬರೆದಿದೆ. ಅನರ್ಹನಾಗಿದ್ದಾಗ ಓಡಿಸಿದರೆ 182ನೇ ಕಲಮಿನಡಿ ಇನ್ನೂ 10 ಸಾವಿರ, ಮೂರು ತಿಂಗಳವರೆಗೆ ಜೈಲು. ತಿಂಗಳಿಗೆ 20 ಸಾವಿರ ದುಡಿಯುವ ಗೂಡ್ಸ್ ಆಟೊ ಚಾಲಕನಿಗೆ ಮೂರು ತಿಂಗಳೆಂದರೆ 60 ಸಾವಿರ ಹೋಯಿತು. ಗಾಡಿಯ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಇಲ್ಲಿಯವರೆಗಿನದು ಯಾರಿಗೂ ಏನೂ ಆಗದೆ ಬರೀ ತಪಾಸಣೆಯಲ್ಲಿ ಸಿಕ್ಕವರ ಲೆಕ್ಕ. ಗಾಡಿ ಎಲ್ಲಾದರೂ ತಾಗಿದರೆ ಬೇರೆಯೇ ಪುಸ್ತಕ ತೆರೆಯಬೇಕು.

‘ಫುಲ್ ಇನ್ಶೂರೆನ್ಸ್ ಇದೆ’ ಎಂಬ ಧೈರ್ಯ ನಮ್ಮ ಜನರಲ್ಲಿ ಬಹಳ. ಪಾಲಿಸಿಯ ಹಿಂಭಾಗದ ಸಣ್ಣಕ್ಷರ ಓದಿದರೆ, ಮಾಲೀಕ ಅಥವಾ ಅವನ ಒಪ್ಪಿಗೆಯಿಂದ ಓಡಿಸುವವನು ಮದ್ಯದ ಅಮಲಿನಲ್ಲಿದ್ದಾಗ ಗಾಡಿಗೆ ಆದ ಹಾನಿಗೆ ಕಂಪನಿ ಹೊಣೆಯಲ್ಲ ಎಂದಿರುತ್ತದೆ. ಪೊಲೀಸರು ಊದಿಸಿಲ್ಲ, ಕೇಸಿನಲ್ಲಿ 185 ಹಾಕಿಲ್ಲ, ಹಾಗಾಗಿ ಬಚಾವು ಎಂಬ ವಾದ ಸುಪ್ರೀಂ ಕೋರ್ಟಿನಲ್ಲಿ 2021ರ ಏಪ್ರಿಲ್‌ನಲ್ಲಿ ಬಿದ್ದುಹೋಯಿತು. 2007ರಲ್ಲಿ ದೆಹಲಿಯ ಇಂಡಿಯಾ ಗೇಟ್ ಬಳಿ ಡಿಕ್ಕಿ ಹೊಡೆದು ಸುಟ್ಟುಹೋದ ಪೋರ್ಷೆ ಕಾರಿನ ಪ್ರಕರಣ ಅದು. ಪರೀಕ್ಷೆಯ ವರದಿ ಇಲ್ಲದಿದ್ದರೂ ಆಸ್ಪತ್ರೆಯ ದಾಖಲೆ, ಅಪಘಾತ ನಡೆದ ರೀತಿ ಇವುಗಳಿಂದ ಅಮಲನ್ನು ಸಾಬೀತು ಮಾಡಲು ಕಂಪನಿಗೆ ಅವಕಾಶವಿದೆ ಎಂದು ನ್ಯಾಯಾಲಯ ಹೇಳಿತು. ಕಾರಿನ ಹಣ ಬರಲಿಲ್ಲ. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಪೊಲೀಸ್ ಕೇಸಿಗೆ ಸೇರುವ ಗಾಯಾಳುಗಳನ್ನು ದಾಖಲಿಸುವ ಎಂಎಲ್‌ಸಿ ರಿಜಿಸ್ಟರಿನಲ್ಲಿ, ಗಾಯದ ವಿವರದ ವೂಂಡ್ ಸರ್ಟಿಫಿಕೇಟಿನಲ್ಲಿ ಡ್ಯೂಟಿ ಡಾಕ್ಟರು ಬರೆಯುವ ‘ಮದ್ಯದ ವಾಸನೆ ಇತ್ತು’ ಎಂಬ ಒಂದು ಸಾಲನ್ನು ವಿಮಾ ಕಂಪನಿಯ ಪರವಾಗಿ ಹಾನಿ ಪರಿಶೀಲಿಸುವ ಸರ್ವೇಯರು ಮೊದಲು ಹುಡುಕುತ್ತಾರೆ. ಬರೀ ವಾಸನೆಯ ಸಾಲಿನ ಮೇಲೆ ಕ್ಲೇಮು ತಿರಸ್ಕರಿಸಿದರೆ ವಿಮಾ ಲೋಕಪಾಲರಿಗೋ ಗ್ರಾಹಕರ ಆಯೋಗಕ್ಕೋ ಹೋಗಬಹುದು. ಆದರೆ ಗೆಲ್ಲುವವರೆಗೆ ಗ್ಯಾರೇಜಿನ ಬಿಲ್ಲು ಸ್ವಂತ ಜೇಬಿನದೇ.

ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ 15 ಲಕ್ಷ ರೂಪಾಯಿಯದು. ಅದರಲ್ಲೂ ಇದೇ ಷರತ್ತಿದೆ. ಬೈಕಿನಿಂದ ಬಿದ್ದು ಸತ್ತವನ ಹೆಂಡತಿ ಮಕ್ಕಳು ಮರಣೋತ್ತರ ವರದಿ ಹಿಡಿದು ಬಂದಾಗ ನಾವು ಮೊದಲು ನೋಡುವುದು ಹೊಟ್ಟೆಯಲ್ಲಿ ಮದ್ಯ ಇತ್ತೇ ಎಂಬ ಸಾಲು. ಇದ್ದರೆ ಆ 15 ಲಕ್ಷದ ಆಸೆ ಹೆಚ್ಚುಕಡಿಮೆ ಬಿಡಬೇಕಾಗುತ್ತದೆ.

ಎದುರಿನವರಿಗೆ ಏನಾದರೂ ಆದರೆ ಥರ್ಡ್ ಪಾರ್ಟಿ ವಿಮೆ ಇದೆಯಲ್ಲ ಎನ್ನುತ್ತಾರೆ. ಇದೆ, ಗಾಯಗೊಂಡವರ ಪಾಲಿಗೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 150ನೇ ಕಲಮು 185ನೇ ಕಲಮಿನ ಪ್ರಕಾರದ ಕುಡಿತವನ್ನು ವಿಮಾ ಕಂಪನಿಯ ಪ್ರತಿವಾದಗಳಲ್ಲಿ ಒಂದಾಗಿ ಸೇರಿಸಿದೆ. ಪರಿಣಾಮ ಏನೆಂದರೆ ಕಂಪನಿ ಮೊದಲು ಸಂತ್ರಸ್ತರಿಗೆ ಪರಿಹಾರ ಕಟ್ಟುತ್ತದೆ, ಆಮೇಲೆ ಅದನ್ನು ಚಾಲಕ ಮತ್ತು ಮಾಲೀಕನಿಂದ ವಸೂಲು ಮಾಡುತ್ತದೆ. ಕೇರಳ ಹೈಕೋರ್ಟ್ 2023ರಲ್ಲಿ ಕುಡಿದ ಚಾಲಕನ ಪ್ರಕರಣದಲ್ಲಿ ಹೀಗೇ ಆದೇಶಿಸಿತು. ವಸೂಲಿಗೆ ಹೊಸ ದಾವೆ ಬೇಕಿಲ್ಲ. ಅದೇ ತೀರ್ಪನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಿ ಆಸ್ತಿ ಜಪ್ತಿಗೆ ಹೋಗಬಹುದು.

ಮೊತ್ತ ಎಷ್ಟಾಗುತ್ತದೆ? ಸತ್ತವರು 32 ವರ್ಷದ, ತಿಂಗಳಿಗೆ 20 ಸಾವಿರ ಗಳಿಸುವ ಮರಗೆಲಸದವರು, ಅವರನ್ನು ನೆಚ್ಚಿಕೊಂಡವರು ಹೆಂಡತಿ, ಇಬ್ಬರು ಮಕ್ಕಳು, ತಾಯಿ ಎಂದಿಟ್ಟುಕೊಳ್ಳಿ. ವರ್ಷದ ಆದಾಯ 2,40,000. ಮುಂದೆ ಬೆಳೆಯಬಹುದಾದ ಗಳಿಕೆ ಎಂದು ಶೇ 40 ಸೇರಿಸಿದರೆ 3,36,000. ಅವರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 2,52,000. 31ರಿಂದ 35ರ ವಯಸ್ಸಿಗೆ ಗುಣಕ 16, ಅಂದರೆ ಆ ಮೊತ್ತವನ್ನು 16ರಿಂದ ಗುಣಿಸಬೇಕು. ಒಟ್ಟು 40,32,000 ರೂಪಾಯಿ. ಇದಕ್ಕೆ ಅಂತ್ಯಕ್ರಿಯೆ, ಸಾಂಗತ್ಯ ನಷ್ಟ ಮುಂತಾದ ಬಾಬತ್ತು ಸೇರುತ್ತವೆ. ಅರ್ಜಿ ಹಾಕಿದ ದಿನದಿಂದ ಬಡ್ಡಿ ಬೇರೆ; ಶೇ 6 ಹಿಡಿದರೂ ವರ್ಷಕ್ಕೆ 2.4 ಲಕ್ಷ. ಇದು ಸುಪ್ರೀಂ ಕೋರ್ಟ್ 2009 ಮತ್ತು 2017ರಲ್ಲಿ ಹಾಕಿಕೊಟ್ಟ ಸೂತ್ರ, ನ್ಯಾಯಮಂಡಳಿಗಳಲ್ಲಿ ದಿನನಿತ್ಯ ನಡೆಯುವ ಲೆಕ್ಕ. ಕೈಕಾಲು ಕಳೆದುಕೊಂಡ ಗಾಯಾಳುವಿಗೆ ಆಸ್ಪತ್ರೆ ವೆಚ್ಚ ಸೇರಿ ಕೆಲವೊಮ್ಮೆ ಸಾವಿನ ಪರಿಹಾರಕ್ಕಿಂತಲೂ ಹೆಚ್ಚಾಗುತ್ತದೆ.

ಕ್ರಿಮಿನಲ್ ಕೇಸು ಇದರಿಂದ ಪ್ರತ್ಯೇಕ. ಅಲ್ಲೂ ದೊಡ್ಡ ಮೊತ್ತ ಬರಬಹುದು. ದೆಹಲಿಯ ಬಿಎಂಡಬ್ಲ್ಯು ಅಪಘಾತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಅಪರಾಧಿಗೆ 50 ಲಕ್ಷ ರೂಪಾಯಿ ಕಟ್ಟಲು ಹೇಳಿತು, ಜೊತೆಗೆ ಎರಡು ವರ್ಷದ ಸಮುದಾಯ ಸೇವೆ.

ಈ ವಸೂಲಿ ಕುಡಿದವನ ಮೇಲಷ್ಟೇ ಬೀಳುವುದಿಲ್ಲ ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಕುಡಿದಿದ್ದಾನೆಂದು ಗೊತ್ತಿದ್ದೂ ಕೀ ಕೊಟ್ಟ ಗೆಳೆಯನಿಗೆ 188ನೇ ಕಲಮಿನಡಿ ಕುಮ್ಮಕ್ಕಿನ ಆರೋಪ ಬರಬಹುದು, ಶಿಕ್ಷೆಯೂ ಅಷ್ಟೇ. ಇದಕ್ಕಿಂತ ಹೆಚ್ಚಾಗಿ ನಾವು ಕಾಣುವುದು ಹಳೆಯ ಬೈಕ್ ಮಾರಿದವರ ಪಾಡು. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ, ದುಡ್ಡು ಎಣಿಸಿಕೊಂಡು, ‘ಟ್ರಾನ್ಸ್‌ಫರ್ ನೀನೇ ಮಾಡಿಸ್ಕೊ’ ಎಂದು ಕೈತೊಳೆದುಕೊಂಡಿರುತ್ತಾರೆ. ಕೊಂಡವನು ಮಾಡಿಸಿರುವುದಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಖಚಿತಪಡಿಸಿದೆ. ಹಾಗಾಗಿ ಯಾರೋ ಕುಡಿದು ಗುದ್ದಿದ್ದಕ್ಕೆ ನೋಟಿಸು ಮಾರಿದವರ ಮನೆಗೆ ಬರುತ್ತದೆ. ಹೆಸರು ಬದಲಾದ ಆರ್‌ಸಿಯ ಪ್ರತಿ ಕೈಗೆ ಬಂದ ಮೇಲೇ ವ್ಯವಹಾರ ಮುಗಿಯಿತು ಎಂದುಕೊಳ್ಳಿ.

ಪತ್ರಿಕೆಯಲ್ಲಿ ನಮ್ಮದೊಂದು ಕೋರಿಕೆ. ಡಿಸೆಂಬರ್ 31ರ ರಾತ್ರಿಯ ತಪಾಸಣೆಯ ವರದಿ ಹಾಕುವಾಗ ದಂಡದ ಜೊತೆಗೆ ವಿಮೆಯ ಷರತ್ತು ಮತ್ತು ಪರಿಹಾರದ ವಸೂಲಿಯ ಬಗ್ಗೆಯೂ ಒಂದು ಚಿಕ್ಕ ಬಾಕ್ಸ್ ಕೊಡಿ. ವಿಮಾ ಕಂಪನಿಗಳು ಮದ್ಯದ ಷರತ್ತನ್ನು ಪಾಲಿಸಿಯ ಮೊದಲ ಪುಟದಲ್ಲೇ ಕನ್ನಡದಲ್ಲಿ ಮುದ್ರಿಸಲಿ. ಲೈಸೆನ್ಸ್ ತೆಗೆದುಕೊಂಡಾಗ ಪೊಲೀಸರು ಕೊಡುವ ಚೀಟಿಯ ಮೇಲೂ ‘ಇದನ್ನು ಇಟ್ಟುಕೊಂಡು ವಾಹನ ಓಡಿಸುವಂತಿಲ್ಲ’ ಎಂಬ ಒಂದು ಸಾಲನ್ನು ದಪ್ಪಕ್ಷರದಲ್ಲಿ ಸೇರಿಸಲು ಸಾರಿಗೆ ಇಲಾಖೆಗೆ ಹೆಚ್ಚು ಖರ್ಚೇನೂ ಆಗದು.

ಇಂತಿ,
ಅಪಘಾತ ಪರಿಹಾರ ಪ್ರಕರಣ ನಡೆಸುವ ಕೆಲವು ವಕೀಲರು,
ಮೈಸೂರು